ಗೋಕಾಕದ ಬೊಂಬೆಯೂ ಪರದೇಶದ ಬಾಡಿಗೆಯೂ

ಗೋಕಾಕವೆಂದೊಡನೆ ಜಲಪಾತ, ಕರದಂಟು, ನೂಲಿನ ಗಿರಣಿಗಳು ನೆನಪಾಗುವವು. ಹಗುರಾದ ಕಟ್ಟಿಗೆಯಲ್ಲಿ ಕೆತ್ತಿ ಬಣ್ಣ ಹಚ್ಚಿದ ಹಣ್ಣು-ಕಾಯಿಗಳ ಬೊಂಬೆಗಳಿಗೂ ನಮ್ಮೂರು ಹೆಸರಾದುದು. ಇಂಥ ಬೊಂಬೆಯನ್ನು ಪರದೇಶಕ್ಕೆ ಕಳಿಸುವಲ್ಲಿ ವೆಚ್ಚ ಎಲ್ಲಿ ಬೆಳೆಯುವದೆಂಬುದನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನಾನು ಇಲ್ಲಿ ಲೆಕ್ಕ ಹಾಕಿ ನೋಡಿದ್ದೇನೆ.

ಹಗುರ ಸರಕಿಗೆ ಬಾಡಿಗೆ ಕಡಿಮೆಯೆಂದು ನಾವು ಸಹಜವಾಗಿ ಭಾವಿಸುತ್ತೇವೆ. ಆದರೆ ವಿಮಾನದಲ್ಲಿ ಸಾಗಿಸುವವರು ತೂಕದೊಡನೆ ಗಾತ್ರವನ್ನೂ ಅಳೆಯುವರು. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಕೊರಿಯರಿನವರು ಸಾಮಾನ್ಯವಾಗಿ 5000ದಿಂದಲೂ, ವಿಮಾನದ ಸರಕಿನವರು 6000ದಿಂದಲೂ ಭಾಗಿಸುವರು. ಬಂದ ಸಂಖ್ಯೆ ಗಾತ್ರದ ತೂಕ. ನಿಜವಾದ ತೂಕ, ಗಾತ್ರದ ತೂಕ ಇವೆರಡರಲ್ಲಿ ಯಾವದು ಹೆಚ್ಚೋ ಅದಕ್ಕೆ ಬಾಡಿಗೆ.

60, 40, 40 ಸೆಂಟಿಮೀಟರಿನ ಒಂದು ರಟ್ಟಿನ ಪೆಟ್ಟಿಗೆಯನ್ನು ತೆಗೆದುಕೊಳ್ಳೋಣ. ಕೊರಿಯರಿನ ಲೆಕ್ಕದಲ್ಲಿ ಅದರ ಗಾತ್ರದ ತೂಕ 19.2 ಕಿಲೊ. ಬೊಂಬೆ ತುಂಬಿದಾಗ ಅದು 6 ಕಿಲೊ ತೂಗಿತೆನ್ನಿ, ಉಳಿದ 13.2 ಕಿಲೊ ಬಾಡಿಗೆಯನ್ನು ಬರಿಯ ಗಾಳಿಗಾಗಿ ತೆತ್ತಂತಾಯಿತು! ಅದೇ ಪೆಟ್ಟಿಗೆಯಲ್ಲಿ 25 ಕಿಲೊ ನೂಲಿದ್ದರೆ 25 ಕಿಲೊಗಷ್ಟೇ ಬಾಡಿಗೆ. ಮೂಡಲಗಿಯ ಬೆಲ್ಲ, ಹುಕ್ಕೇರಿ ತಾಲೂಕಿನ ಸಂಕೇಶ್ವರದ ಸಕ್ಕರೆ ಇವೂ ನೂಲಿನ ಜಾತಿಯ ಭಾರದ ಸರಕುಗಳೇ. ಅವುಗಳ ಕಟ್ಟುವಿಕೆಯಲ್ಲಿ ತೇವದ್ದೇ ದೊಡ್ಡ ಚಿಂತೆ.

ಬೊಂಬೆಯವನ ಲಾಭ ಉಳಿಯುವದು ಕಟ್ಟುವ ಜಾಣ್ಮೆಯಲ್ಲಿ. ಸಣ್ಣ ಹಣ್ಣುಗಳನ್ನು ದೊಡ್ಡವುಗಳ ಸಂದಿಯಲ್ಲಿ ಹೊಂದಿಸಿ ಪೆಟ್ಟಿಗೆಯ ಎತ್ತರವನ್ನು 30ಕ್ಕೆ ಇಳಿಸಿದರೆ ಗಾತ್ರದ ತೂಕ 14.4 ಕಿಲೊಗೆ ಬರುವದು. ಆದರೂ ಪ್ರತಿಯೊಂದಕ್ಕೂ ಕಾಗದ ಸುತ್ತಲೇಬೇಕು. ತಿಕ್ಕಾಡಿ ಬಣ್ಣ ಹೋದ ಮಾವಿನಕಾಯಿಯನ್ನು ಯಾರು ಕೊಂಡಾರು? ಕಟ್ಟಿಗೆಯ ಪೆಟ್ಟಿಗೆ ಗಟ್ಟಿಯೇನೋ ಹೌದು, ಆದರೆ ಭಾರ. ಮೇಲಾಗಿ ಹುಳು-ಹುಪ್ಪಡಿ ದೇಶದಿಂದ ದೇಶಕ್ಕೆ ಹೋಗದಂತೆ, ಅಂಥ ಹಸಿ ಕಟ್ಟಿಗೆಯನ್ನು ಒಳತಿರುಳಿನವರೆಗೆ 56 ಡಿಗ್ರಿ ಶಾಖದಲ್ಲಿ 30 ನಿಮಿಷ ಕಾಯಿಸಿಯೋ, ಒಪ್ಪಿತವಾದ ಬೇರೆ ರೀತಿಯಲ್ಲಿ ಶುದ್ಧಗೊಳಿಸಿಯೋ ಮುದ್ರೆ ಹಾಕಿಸಬೇಕೆಂಬ ಅಂತರರಾಷ್ಟ್ರೀಯ ನಿಯಮವುಂಟು. ರಟ್ಟಿಗೆ ಈ ಉಪದ್ರವವಿಲ್ಲ.

ಹಡಗಿನ ದಾರಿ ಅಗ್ಗವೆಂಬುದು ಅರ್ಧ ಸತ್ಯ. ಇತರರ ಸರಕಿನೊಡನೆ ಬಿಡಿಯಾಗಿ ಕಳಿಸುವಾಗ ಒಂದು ಘನಮೀಟರ ಇಲ್ಲವೆ 1000 ಕಿಲೊ, ಯಾವದು ಹೆಚ್ಚೋ ಅದರ ಮೇಲೆ ಬಾಡಿಗೆ. ಬಹುಶಃ ಒಂದು ಘನಮೀಟರಕ್ಕಿಂತ ಕಡಿಮೆ ಹಿಡಿಯುವದಿಲ್ಲ. ನಮ್ಮ ಒಂದು ಪೆಟ್ಟಿಗೆ 0.096 ಘನಮೀಟರ. ಹತ್ತು ಪೆಟ್ಟಿಗೆ ಕೂಡಿದರೆ 0.96. ಕಾಗದಪತ್ರ, ಬಂದರಿನ ಖರ್ಚುಗಳಲ್ಲಿ ಹಲವು ಒಂದು ಪೆಟ್ಟಿಗೆಗೂ ಹತ್ತಕ್ಕೂ ಅಷ್ಟೇ. ಹತ್ತು ಮನೆಯವರು ಒಂದೇ ಹೆಸರಿನಲ್ಲಿ ಕಳಿಸಿದರೆ ಆ ಖರ್ಚು ಪ್ರತಿ ಮನೆಗೆ ಹತ್ತರಲ್ಲೊಂದು ಪಾಲಾಗುವದು.