ಮೂಲವೂ ಪಡಿಯಚ್ಚೂ

ತಾಳೆಗರಿಯ ಕಾಲದಲ್ಲಿ ಮೂಲಕ್ಕೆ ಗೆದ್ದಲು ಹಿಡಿದರೂ ಲಿಪಿಕಾರನು ಎತ್ತಿದ ಪ್ರತಿ ಉಳಿಯುತ್ತಿತ್ತು. ಆದರೆ ಮೂಲದ ಅಪಪಾಠವೂ ಆ ಪ್ರತಿಗೆ ಇಳಿದುಬರುತ್ತಿತ್ತೆಂಬುದನ್ನು ಗ್ರಂಥಸಂಪಾದಕರೆಲ್ಲರೂ ಬಲ್ಲರು. ಗಣಕಯಂತ್ರದ ದತ್ತಸಂಚಯಕ್ಕೆ, ಎಂದರೆ ಡೇಟಾಬೇಸಿಗೆ, ಈ ಎರಡು ಮಾತುಗಳೂ ಸಲ್ಲುತ್ತವೆ. ಅಲ್ಲಿ ಪ್ರತಿ ಎತ್ತುವ ಕಾರ್ಯಕ್ಕೆ ರೆಪ್ಲಿಕೇಶನ್ ಎಂದು ಹೆಸರು.

ಪೋಸ್ಟ್‌ಗ್ರೆಸ್ ಎಂಬ ತಂತ್ರಾಂಶವನ್ನು ನೋಡಬಹುದು. ಅದರಲ್ಲಿ ಪ್ರತಿಯೊಂದು ಬದಲಾವಣೆಯೂ ಅಂಗಡಿಯ ಕಿರ್ದಿಯಂತಹ ಒಂದು ವಹಿಯಲ್ಲಿ ಮೊದಲು ದಾಖಲಾಗುತ್ತದೆ. 2010ರ 9.0ನೆಯ ಆವೃತ್ತಿಯಿಂದೀಚೆಗೆ ಆ ವಹಿಯ ಸಾಲುಗಳು ಒಡನೊಡನೆ ದೂರದ ಮತ್ತೊಂದು ಯಂತ್ರಕ್ಕೆ ಹರಿದು, ಅದೇ ಕ್ರಮದಲ್ಲಿ ಜಾರಿಯಾಗುತ್ತವೆ. ಆ ಪಡಿಯಚ್ಚನ್ನು ಓದಲೂ ಬರುತ್ತದೆ. ಆದುದರಿಂದ ತಿಂಗಳ ಕೊನೆಯ ದೊಡ್ಡ ವರದಿಗಳನ್ನು ಅಲ್ಲಿಂದಲೇ ತೆಗೆದರೆ ಮೂಲಯಂತ್ರದ ದಿನದ ವಹಿವಾಟಿಗೆ ತೊಡಕಾಗದು. ಬೆಂಕಿಗೋ ನೆರೆಗೋ ಮೂಲವು ಸಿಕ್ಕಿದರೆ ಪಡಿಯಚ್ಚೇ ಅದರ ಸ್ಥಾನದಲ್ಲಿ ನಿಲ್ಲುತ್ತದೆ.

ಒಂದೇ ಪ್ರತಿ ಎರಡು ಕೆಲಸಕ್ಕೂ ಸಾಕೆಂಬ ಜಿಪುಣತನ ಇಲ್ಲಿಯೇ ಹುಟ್ಟುವುದು. ವರದಿಯು ಓದುತ್ತಿರುವ ಹಳೆಯ ಸಾಲನ್ನೇ ಹೊಸದಾಗಿ ಬಂದ ದಾಖಲೆಯು ತೆಗೆದುಹಾಕಬೇಕಾದಾಗ ಎರಡರಲ್ಲೊಂದು ಕಾಯಬೇಕು. ಯಾರೂ ಬದಲಿಸದಿದ್ದರೆ ಪೋಸ್ಟ್‌ಗ್ರೆಸ್ಸಿನ ತಾಳ್ಮೆ 30 ಸೆಕೆಂಡು. ಅನಂತರ ವರದಿಯೇ ರದ್ದು. ಆ ಗಡುವನ್ನು ಹೆಚ್ಚಿಸಿದರೆ ವರದಿ ಮುಗಿಯುತ್ತದೆ, ಆದರೆ ಬಂದ ದಾಖಲೆಗಳು ಜಾರಿಯಾಗದೆ ರಾಶಿ ಬೀಳುತ್ತವೆ. ಮೂಲವು ಕೆಟ್ಟ ಗಳಿಗೆಯಲ್ಲಿ ಆ ರಾಶಿ ತೀರುವವರೆಗೆ ಪಡಿಯಚ್ಚು ಅಧಿಕಾರ ವಹಿಸಿಕೊಳ್ಳಲಾರದು. ವರದಿಗೊಂದು, ಆಪತ್ತಿಗೊಂದು ಎಂದು ಎರಡು ಪ್ರತಿಗಳನ್ನಿಡುವುದೇ ಲೇಸು.

ಇನ್ನು ಅಪಪಾಠದ ಮಾತು. ಮೂಲದಲ್ಲಿ ಯಾರಾದರೂ ತಪ್ಪಿ ಒಂದು ಕೋಷ್ಟಕವನ್ನು ಅಳಿಸಿದರೆ ಆ ಅಳಿಸುವಿಕೆಯೂ ಕ್ಷಣದಲ್ಲಿ ಪ್ರತಿಯನ್ನು ಮುಟ್ಟುತ್ತದೆ. ಆದಕಾರಣ ಹಿಂದಿನ ದಿನಗಳ ನಕಲನ್ನು ಬೇರೆಯಾಗಿ ತೆಗೆದಿರಿಸಬೇಕು. ಅದು ಮರಳಿ ಜೀವ ತಳೆಯುವುದೇ ಎಂದು ಆಗಾಗ ಪರೀಕ್ಷಿಸಲೂ ಬೇಕು. ಈ ಪರೀಕ್ಷೆ ತಪ್ಪಿದರೆ ಏನಾಗುವುದೆಂಬುದಕ್ಕೆ ತಂತ್ರಾಂಶದ ಬರವಣಿಗೆಯನ್ನು ಕಾಪಿಡುವ ಗಿಟ್‌ಲ್ಯಾಬ್ ಸಂಸ್ಥೆಯು ತಾನೇ ಬಹಿರಂಗಪಡಿಸಿದ ವೃತ್ತಾಂತವುಂಟು. 2017ರ ಜನವರಿ 31ರ ರಾತ್ರಿ ಅಲ್ಲಿ ಪಡಿಯಚ್ಚು ಹಿಂದೆ ಬಿದ್ದು ನಿಂತುಹೋಗಿತ್ತು. ಅದನ್ನು ಹೊಸದಾಗಿ ಕಟ್ಟಲು ಹೊರಟ ತಂತ್ರಜ್ಞರೊಬ್ಬರು ಅಳಿಸುವ ಆಜ್ಞೆಯನ್ನು ಮೂಲಯಂತ್ರದಲ್ಲಿಯೇ ಕೊಟ್ಟರು. ತಪ್ಪು ತಿಳಿದು ತಡೆಯುವಷ್ಟರಲ್ಲಿ ಸುಮಾರು 300 ಗಿಗಾಬೈಟಿನಲ್ಲಿ ಉಳಿದದ್ದು 4.5 ಮಾತ್ರ. ನಿತ್ಯದ ನಕಲನ್ನು ಹುಡುಕಿದರೆ ಅದೂ ಇರಲಿಲ್ಲ. ದತ್ತಸಂಚಯವು 9.6ನೆಯ ಆವೃತ್ತಿಯದು, ನಕಲು ತೆಗೆಯುವ ಸಾಧನವು 9.2ರದು, ಕೆಲಸ ಕೆಟ್ಟಿತೆಂದು ತಿಳಿಸುವ ಮಿಂಚಂಚೆಗಳೂ ತಿರಸ್ಕೃತವಾಗಿ ಯಾರ ಕೈಗೂ ಸೇರಿರಲಿಲ್ಲ. ಕಡೆಗೆ ಒದಗಿದ್ದು, ಪರೀಕ್ಷಾಯಂತ್ರದ ಬಳಕೆಗೆಂದು ಸುಮಾರು 6 ಗಂಟೆಗಳ ಹಿಂದೆ ತೆಗೆದಿದ್ದ ಒಂದು ನಕಲು. ಆ 6 ಗಂಟೆಗಳಲ್ಲಿ ದತ್ತಸಂಚಯವನ್ನು ಸೇರಿದ ದಾಖಲೆಗಳು ಮರಳಿ ಬರಲಿಲ್ಲ.