ಇಟ್ಟವರು ಯಾರು?

ನೋಡಮ್ಮ, 2024ರಲ್ಲಿ ವಿಯೆನ್ನಾದ ಅಲ್ಬರ್ಟೀನಾ ಮ್ಯೂಸಿಯಂನಲ್ಲಿ ಗ್ರೆಗರಿ ಕ್ರೂಡ್ಸನ್‌ನ ಫೋಟೊ ಪ್ರದರ್ಶನ ನೋಡಿದಾಗಿನಿಂದ ನಿನ್ನದು ಎರಡೇ ಮಾತು. 'ಎಲ್ಲ ನಾಟಕ, ದೊಡ್ಡಪ್ಪ' ಅನ್ನುತ್ತೀಯ. ಮರುಕ್ಷಣವೇ 'ನಾನೂ ಅಂಥದ್ದೇ ತೆಗೀಬೇಕು' ಅನ್ನುತ್ತೀಯ. ಎರಡಕ್ಕೂ ನನ್ನ ತಕರಾರಿಲ್ಲ. ಕ್ಯಾಮೆರಾ ಕೈಗೆತ್ತಿಕೊಳ್ಳುವ ಮೊದಲು ಸ್ವಲ್ಪ ಕೇಳಿಸಿಕೋ, ಅಷ್ಟೆ.

ನಾಟಕ ಹೌದು, ಆತ ಅದನ್ನು ಮುಚ್ಚಿಟ್ಟವನೂ ಅಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಸಣ್ಣ ಊರುಗಳಲ್ಲಿ ಸಿನಿಮಾದವರ ಹಾಗೆ ದೊಡ್ಡ ತಂಡ ಕಟ್ಟಿಕೊಂಡು, ದೀಪ, ಮಳೆ, ಮಂಜು ಎಲ್ಲವನ್ನೂ ತರಿಸಿ, ಮುಸ್ಸಂಜೆಯ ಕೆಲವೇ ನಿಮಿಷಗಳ ಬೆಳಕಿಗಾಗಿ ಕಾದು, ಕೊನೆಗೆ ತೆಗೆಯುವುದು ಒಂದು ಫೋಟೊ. ಅದರ ಶಟರ್ ಒತ್ತುವವನೂ ಬೇರೆಯವನು, ಕ್ಯಾಮೆರಾ ಆಪರೇಟರ್. 'ಹಾಗಾದರೆ ಫೋಟೊ ಯಾರದು?' ಅಂತ ಕೇಳಿದ್ದೆಯಲ್ಲ? ಅದರೊಳಗೆ ಇರುವುದಕ್ಕೆಲ್ಲ ಜವಾಬು ಕೊಡಬೇಕಾದವನದು.

ಬೀದಿಯಲ್ಲಿ ತೆಗೆದ ಫೋಟೊದ ಮೂಲೆಗೊಂದು ಪ್ಲಾಸ್ಟಿಕ್ ಬಕೆಟ್ ನುಸುಳಿದರೆ 'ಅದು ಅಲ್ಲೇ ಇತ್ತು' ಎಂದು ಕೈತೊಳೆದುಕೊಳ್ಳಬಹುದು. ಸೆಟ್ ಹಾಕಿ ತೆಗೆದ ಫೋಟೊದಲ್ಲಿ ಆ ನೆಪ ನಡೆಯುವುದಿಲ್ಲ. ಕ್ರೂಡ್ಸನ್ 2001ರಲ್ಲಿ ತೆಗೆದ 'ಒಫೀಲಿಯಾ'ವನ್ನೇ ತಗೋ. ಮನೆಯ ಹಾಲ್ ತುಂಬ ನೀರು ನಿಂತಿದೆ, ಅದರಲ್ಲಿ ಕಣ್ಣು ಬಿಟ್ಟುಕೊಂಡು ತೇಲುತ್ತಿರುವ ಹೆಂಗಸು, ಮೆಟ್ಟಿಲ ಮೇಲೆ ಅವಳ ಚಪ್ಪಲಿ. ನೀರು ಎಲ್ಲಿಂದ ಬಂತು, ಮುಂದೇನಾಯಿತು ಎಂದು ಆತ ಹೇಳುವುದಿಲ್ಲ. ಚಪ್ಪಲಿ ಮಾತ್ರ ತಾನಾಗಿ ಅಲ್ಲಿಗೆ ಬಂದದ್ದಲ್ಲ. ಬಿಟ್ಟು ಇಳಿದ ಹಾಗೆ ಕಾಣಲಿ ಎಂದು ಯಾರೋ ಯೋಚಿಸಿ ಇಟ್ಟದ್ದು. ಇಂಥ ಪ್ರದರ್ಶನಕ್ಕೆ ಹೋದಾಗ 'ಇದರ ಅರ್ಥವೇನು' ಎಂದು ಗೋಡೆಯ ಮೇಲಿನ ಚೀಟಿ ಓದಲು ಓಡಬೇಡ. ಒಂದೊಂದು ಸಾಮಾನನ್ನೂ ನೋಡು, ಇದು ಇಲ್ಲಿ ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ಕೇಳಿಕೋ. ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು ಹುಡುಕು. ನಾಲ್ಕು ಫೋಟೊ ನೋಡುವಷ್ಟರಲ್ಲಿ ಸುಸ್ತಾದರೆ ಅಷ್ಟಕ್ಕೇ ಹೊರಗೆ ಬಾ, ತಪ್ಪೇನಿಲ್ಲ.

ಆ ಹೆಸರಿನ ಹಿಂದೆ ಇನ್ನೊಂದು ಕಥೆ ಇದೆ. ಇಂಗ್ಲೆಂಡಿನ ಜಾನ್ ಎವರೆಟ್ ಮಿಲೇ 1851-52ರಲ್ಲಿ, ಶೇಕ್ಸ್‌ಪಿಯರ್ ನಾಟಕದಲ್ಲಿ ನೀರಿಗೆ ಬಿದ್ದು ಸಾಯುವ ಒಫೀಲಿಯಾಳ ಪೇಂಟಿಂಗ್ ಮಾಡುವಾಗ ಎಲಿಜಬೆತ್ ಸಿಡಾಲ್ ಎಂಬ ಯುವತಿಯನ್ನು ನೀರು ತುಂಬಿದ ಬಾತ್‌ಟಬ್ಬಿನಲ್ಲಿ ಮಲಗಿಸಿದ. ನೀರು ಬೆಚ್ಚಗಿರಲೆಂದು ಕೆಳಗೆ ದೀಪ ಹಚ್ಚಿಟ್ಟಿದ್ದರಂತೆ. ಒಂದು ದಿನ ದೀಪ ಆರಿತು. ಆತ ಬ್ರಷ್ಷಿನಲ್ಲೇ ಮುಳುಗಿದ್ದ, ಈಕೆ ಬಾಯಿ ಬಿಡಲಿಲ್ಲ. ಆಮೇಲೆ ಕಾಯಿಲೆ ಬಿದ್ದಳು; ಡಾಕ್ಟರ ಖರ್ಚು ನೀನೇ ಕೊಡಬೇಕೆಂದು ಅವಳ ಅಪ್ಪ ಮಿಲೇಯನ್ನು ಹಿಡಿದುಕೊಂಡ. ನೋಡುವವರಿಗೆ ಕನಸು, ಮಲಗಿದವಳಿಗೆ ಶೀತ. ಪೇಂಟಿಂಗ್ ಅದ್ಭುತವಾಗಿದೆ, ಇಲ್ಲವೆನ್ನುವುದಿಲ್ಲ. ಆದರೂ ಆ ಅಪ್ಪನ ಪಕ್ಷವೇ ನನ್ನದು.

ಬೆಕ್ಕುಗಳ ಪರವಾಗಿ ಕೇಳುವ ಅಪ್ಪನೂ ಇಲ್ಲ. 1948ರಲ್ಲಿ ಫಿಲಿಪ್ ಹಾಲ್ಸ್‌ಮನ್ ತೆಗೆದ ಸಾಲ್ವಡಾರ್ ಡಾಲಿಯ ಫೋಟೊದಲ್ಲಿ ಕುರ್ಚಿ, ನೀರು, ಮೂರು ಬೆಕ್ಕು, ಡಾಲಿ ಎಲ್ಲವೂ ಗಾಳಿಯಲ್ಲಿವೆ. ಅದಕ್ಕಾಗಿ 28 ಸಲ ಬೆಕ್ಕುಗಳನ್ನು ಎಸೆದರು, 28 ಸಲ ನೀರೆರಚಿದರು. ಎಲ್ಲರೂ ಆ ತಾಳ್ಮೆಯನ್ನು ಕೊಂಡಾಡುತ್ತಾರೆ. ನನಗೆ ಸ್ಯಾಂಡಿ ಸ್ಕೋಗ್ಲಂಡ್ ಹೆಚ್ಚು ಇಷ್ಟ. 1980ರ 'ರೇಡಿಯೋಆ್ಯಕ್ಟಿವ್ ಕ್ಯಾಟ್ಸ್'ಗೆ ಆಕೆ ತಂತಿಜಾಲರಿ ಮತ್ತು ಪ್ಲಾಸ್ಟರಿನಲ್ಲಿ ಬೆಕ್ಕುಗಳನ್ನು ತಾನೇ ಮಾಡಿ ಹಸಿರು ಬಣ್ಣ ಬಳಿದಳು, ಬೂದು ಬಣ್ಣದ ಕೋಣೆಯಲ್ಲಿ ಹರಡಿದಳು, ನಡುವೆ ವಯಸ್ಸಾದ ಇಬ್ಬರನ್ನು ಇರಿಸಿದಳು. ಮರುವರ್ಷ ನೀಲಿ ಮಲಗುವ ಕೋಣೆಯ ತುಂಬ ಕಿತ್ತಳೆ ಬಣ್ಣದ ಮಣ್ಣಿನ ಮೀನು. ಈಗ ಫೋನಿನಲ್ಲಿ ಎರಡು ಸಾಲು ಟೈಪ್ ಮಾಡಿದರೆ ಅಂಥ ಕೋಣೆ ಬಂದುಬಿಡುತ್ತದೆ, ಗೊತ್ತು. ಆ ಮೀನು ಯಾಕೆ ಹಾಸಿಗೆಯ ಮೇಲಿದೆ ಎಂದು ಕೇಳಿದರೆ ಮಾತ್ರ ಹೇಳುವವರು ಇರುವುದಿಲ್ಲ.

ನಮ್ಮ ಬೆಂಗಳೂರಿನ ಪುಷ್ಪಮಾಲಾ ಎನ್. ಅವರ ಕೆಲಸ ನೋಡು. 2000ದಿಂದ 2004ರವರೆಗೆ ಫೋಟೊಗ್ರಾಫರ್ ಕ್ಲೇರ್ ಆರ್ನಿ ಜೊತೆ ಸೇರಿ ಮಾಡಿದ 'ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ'ದಲ್ಲಿ ರವಿವರ್ಮನ ಬೆಳದಿಂಗಳ ಹೆಂಗಸೂ ಅವರೇ, ಬಿಜಾಪುರದ ಯೋಗಿನಿಯೂ ಅವರೇ. ಬ್ರಿಟಿಷರು ಚೌಕಳಿ ಪರದೆಯ ಮುಂದೆ ಬುಡಕಟ್ಟಿನ ಹೆಣ್ಣನ್ನು ನಿಲ್ಲಿಸಿ ಅಳತೆಗೆಂದು ಫೋಟೊ ತೆಗೆಯುತ್ತಿದ್ದರಲ್ಲ, ಆ ಜಾಗಕ್ಕೂ ಹೋಗಿ ತಾವೇ ನಿಂತರು. ಬೇರೆಯವರನ್ನು ನಿಲ್ಲಿಸುವ ಮೊದಲು ಅಲ್ಲಿ ಒಮ್ಮೆ ನಿಂತು ನೋಡುವುದು ಒಳ್ಳೆಯದು.

ನಿನಗೆ ತಂಡವೂ ಬೇಡ, ಮಳೆ ಯಂತ್ರವೂ ಬೇಡ. ನಿನ್ನ ರೂಮಿನ ಅಡುಗೆಮನೆ ಸಾಕು. ಒಂದು ಟೇಬಲ್ ಲ್ಯಾಂಪ್ ಬಿಟ್ಟು ಉಳಿದ ದೀಪ ಆರಿಸು. ಏನೇನು ಇಡುತ್ತೀಯೋ ಕಾಗದದ ಮೇಲೆ ಬರೆ. ಕಾರಣ ಹೇಳಲಾಗದ್ದನ್ನು ತೆಗೆದುಬಿಡು, ಚಂದ ಕಾಣುತ್ತಿದ್ದರೂ ಸರಿ. ಗೆಳತಿಯನ್ನು ಕೂರಿಸುವುದಾದರೆ ಎಷ್ಟು ಹೊತ್ತು ಹಿಡಿಯುತ್ತದೆಂದು ಮೊದಲೇ ಹೇಳು, ಹೊಟ್ಟೆಗೆ ಏನಾದರೂ ಕೊಡು, ಫೋಟೊ ಯಾರಿಗೆ ತೋರಿಸಬಹುದೆಂದು ಅವಳನ್ನೇ ಕೇಳು. ಬೇಡ ಅಂದರೆ ಅಳಿಸು.