ಎರರ್ ಎಂದರೆ ಪ್ರೂಫ್ ಹಾಳೆ, ಮಗಳೇ

ಮಗಳೇ, ಭಾನುವಾರ ಆರಾಧನೆ ಮುಗಿದದ್ದೇ ತಡ, ನೀನು ಚರ್ಚಿನ ಹಿಂಬಾಗಿಲಿನಿಂದ ಹೊರಟುಹೋಗುವುದನ್ನು ಮೂರು ವಾರದಿಂದ ನೋಡುತ್ತಿದ್ದೇನೆ. ‘ಕೆಲಸ ಸಿಕ್ಕಿತಾ?’ ಎಂದು ಯಾರಾದರೂ ಕೇಳಿಯಾರೆಂಬ ಹೆದರಿಕೆ. 1993ರಲ್ಲಿ ನಾನೂ ಅದೇ ಬಾಗಿಲಿನಿಂದ ಹೋಗುತ್ತಿದ್ದೆ.

ಮಂಗಳೂರಿನ ಒಂದು ಮುದ್ರಣಾಲಯದಲ್ಲಿ ಹತ್ತೊಂಬತ್ತು ವರ್ಷ ಮೊಳೆ ಜೋಡಿಸಿದವನು ನಾನು. ಕನ್ನಡದ ಒತ್ತು, ಗುಣಿತಗಳಿಗೆಲ್ಲ ಬೇರೆ ಬೇರೆ ಸೀಸದ ಮೊಳೆ. ಕರೆಂಟು ಹೋದರೂ ಕೈ ಸರಿಯಾದ ಖಾನೆಗೇ ಹೋಗುತ್ತಿತ್ತು. ಕಂಪ್ಯೂಟರ್ ಬಂತು, ಆ ಕೈಗೆ ಕೆಲಸವಿಲ್ಲದಾಯಿತು. ನಲವತ್ತು ದಾಟಿದವನು ಡಿಟಿಪಿ ಕಲಿಯಲು ಹುಡುಗರ ಪಕ್ಕ ಕುಳಿತೆ. ರಾತ್ರಿ ಮೊಣಕಾಲೂರಿ ಬೇಡುತ್ತಿದ್ದೆ. ಬೇಡುತ್ತಿದ್ದುದೇನು ಗೊತ್ತೆ? ಹಳೆಯ ಕೆಲಸವೇ ವಾಪಸು ಬರಲಿ ಎಂದು. ‘ಕರ್ತನೇ, ಹೊಸದನ್ನು ಕಲಿಯುವ ಬುದ್ಧಿ ಕೊಡು’ ಎಂದು ಕೇಳಲು ನನಗೆ ಎಂಟು ತಿಂಗಳು ಹಿಡಿಯಿತು. ಆ ಎಂಟು ತಿಂಗಳು ನೀನು ಕಳೆಯಬೇಡ.

ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆಯುವ ಪೈಥಾನ್ ಭಾಷೆ ಕಲಿಯುತ್ತಿದ್ದೀಯೆಂದು ನಿನ್ನ ಅಮ್ಮ ಹೇಳಿದಳು. ಎರರ್ ಬಂದಾಗಲೆಲ್ಲ ‘ದೇವರಿಗೇ ಇದು ಇಷ್ಟವಿಲ್ಲವೇನೋ’ ಎನ್ನುತ್ತೀಯಂತೆ. ಹಾಗನ್ನಬೇಡ. ಎರರ್ ಎಂದರೆ ಪ್ರೂಫ್ ಹಾಳೆ. ನಮ್ಮ ಮುದ್ರಣಾಲಯದಲ್ಲಿ ತಿದ್ದಲೆಂದೇ ತೆಗೆಯುವ ಮೊದಲ ಪ್ರೂಫೇ ತಪ್ಪಿಲ್ಲದೆ ಬಂದರೆ ತಿದ್ದಿದವನು ಓದಲೇ ಇಲ್ಲವೆಂದು ಅನುಮಾನ ಪಡುತ್ತಿದ್ದೆವು. ಪೈಥಾನ್ ಯಾವ ಸಾಲಿನಲ್ಲಿ ಎಡವಿತೆಂದು ತಾನೇ ಹೇಳುತ್ತದೆ. ಕೊನೆಯ ಸಾಲನ್ನು ಮೊದಲು ಓದು, ಏನು ತಪ್ಪೆಂಬುದು ಅಲ್ಲಿರುತ್ತದೆ.

ಅಮೆರಿಕದ ಗಣಕ ವಿಜ್ಞಾನಿ ಡೊನಾಲ್ಡ್ ಕನೂತ್ ಲೂಥರನ್ ಸಭೆಯವರು. ಸತ್ಯವೇದದ ಪುಸ್ತಕಗಳ 3ನೇ ಅಧ್ಯಾಯದ 16ನೇ ವಚನಗಳನ್ನೇ ಆರಿಸಿಕೊಂಡು ಒಂದು ಗ್ರಂಥ ಬರೆದವರು. 1977ರಲ್ಲಿ ತಮ್ಮ ಪುಸ್ತಕದ ಪ್ರೂಫ್ ಅಂದಗೆಟ್ಟು ಬಂದದ್ದನ್ನು ಕಂಡು, ಅಕ್ಷರ ಜೋಡಿಸುವ ‘ಟೆಕ್’ ಎಂಬ ಪ್ರೋಗ್ರಾಮನ್ನು ತಾವೇ ಬರೆಯಲು ಕುಳಿತರು. ತಮ್ಮ ಪುಸ್ತಕದಲ್ಲಿ ತಪ್ಪನ್ನು ಮೊದಲು ಹಿಡಿದುಕೊಟ್ಟವರಿಗೆ 2.56 ಡಾಲರಿನ ಚೆಕ್ ಕಳಿಸುತ್ತಿದ್ದರು. ಮೊಳೆ ಜೋಡಿಸಿದವನಾದ ನನಗೆ ಇದನ್ನು ಕೇಳಿದ ದಿನ ಕಣ್ಣು ತುಂಬಿತ್ತು.

ಸತ್ಯವೇದದಲ್ಲಿ ಆಕಾಶದಿಂದ ಬಿದ್ದ ಆಹಾರ, ಮನ್ನ, ನೆನಪಿದೆಯಲ್ಲ? ಅಂದಂದಿನದನ್ನು ಅಂದಂದೇ ಕೂಡಿಸಬೇಕಿತ್ತು. ನಾಳೆಗೆಂದು ಇಟ್ಟದ್ದಕ್ಕೆ ಹುಳ ಬಿತ್ತು. ಒಂದೇ ರಾತ್ರಿ ಹತ್ತು ವಿಡಿಯೊ ನೋಡಿ ಮುಗಿಸುವುದೂ ಅಂಥದ್ದೇ. ದಿನಕ್ಕೆ ಎರಡು ಗಂಟೆ ಕೂರು. ನೋಡಿದ್ದನ್ನು ಮುಚ್ಚಿಟ್ಟು ಕೈಯಾರೆ ಬರೆ. ಎನ್‌ಪಿಟಿಇಎಲ್‌ನಲ್ಲಿ ಐಐಟಿ ಮೇಷ್ಟರ ಪಾಠಗಳು ಕಾಸಿಲ್ಲದೆ ಸಿಗುತ್ತವೆ, ಸರ್ಟಿಫಿಕೇಟಿನ ಪರೀಕ್ಷೆಗೆ ಮಾತ್ರ ಶುಲ್ಕ. ‘ಕೋರ್ಸ್ ಸೇರಿದರೆ ಕೆಲಸ ಗ್ಯಾರಂಟಿ’ ಎನ್ನುವವರಿಗಾಗಿ ಅಮ್ಮನ ಬಳೆ ಅಡವಿಡಬೇಡ.

ಮನಸ್ಸು ಕುಸಿದ ದಿನ ಪ್ರವಾದಿ ಎಲೀಯನನ್ನು ನೆನೆ. ಸಾವನ್ನು ಬೇಡಿ ಗಿಡದ ಕೆಳಗೆ ಮಲಗಿದವನಿಗೆ ದೂತ ಉಪದೇಶ ಮಾಡಲಿಲ್ಲ, ರೊಟ್ಟಿ ನೀರು ಕೊಟ್ಟು ಇನ್ನೊಮ್ಮೆ ಮಲಗಲು ಬಿಟ್ಟ. ಊಟ, ನಿದ್ದೆ ತಪ್ಪಿಸಬೇಡ. ವಾರಗಟ್ಟಲೆ ಹಾಗೇ ಇದ್ದರೆ ಡಾಕ್ಟರ ಬಳಿ ಹೋಗೋಣ, ನಾನೇ ಜೊತೆಗೆ ಬರುತ್ತೇನೆ. ಅದರಿಂದ ವಿಶ್ವಾಸ ಕಡಿಮೆಯಾದಂತಲ್ಲ.

ಪೌಲನು ಕೊರಿಂಥದಲ್ಲಿ ಗುಡಾರ ಮಾಡಿದ್ದು ಒಬ್ಬನೇ ಕುಳಿತಲ್ಲ. ಅಕ್ವಿಲ, ಪ್ರಿಸ್ಕಿಲ್ಲರ ಮನೆಯಲ್ಲಿದ್ದು ಅವರ ಜೊತೆ. ನಮ್ಮ ಯುವಜನ ಸಂಘದಲ್ಲೂ ಇಬ್ಬರು ಸಾಫ್ಟ್‌ವೇರಿನವರಿದ್ದಾರೆ, ಕೇಳಿದರೆ ಸಂತೋಷದಿಂದ ಹೇಳಿಕೊಡುತ್ತಾರೆ. ಹಿಂಬಾಗಿಲಿನಿಂದ ಹೋಗುವವಳಿಗೆ ಅವರು ಸಿಗುವುದು ಹೇಗೆ?

ಇನ್ನೊಂದು. ಹೋದ ವರ್ಷದ ಬೆಳೆ ಹಬ್ಬದ ಏಲಂ ಲೆಕ್ಕ ಮೂರು ಸಲ ಕೂಡಿಸಿದರೂ ತಾಳೆಯಾಗಲಿಲ್ಲ. ಯಾರು ಯಾವ ಕುಂಬಳಕಾಯಿ ಎಷ್ಟಕ್ಕೆ ಕೂಗಿದರು, ಕೊಟ್ಟದ್ದೆಷ್ಟು, ಬಾಕಿ ಎಷ್ಟು, ಇಷ್ಟನ್ನು ಹೇಳುವ ಪ್ರೋಗ್ರಾಮ್ ಒಂದು ನಮಗೆ ಬೇಕು. ನೀನು ಬಿ.ಕಾಂ ಓದಿದವಳು. ಮುಂದಿನ ಭಾನುವಾರ ಆ ಲೆಕ್ಕದ ಪುಸ್ತಕ ಹಿಡಿದು ಮುಂಬಾಗಿಲಲ್ಲಿ ನಿಂತಿರುತ್ತೇನೆ.